ಮೂಗೇಶನನ್ನು ಬಿಟ್ಟ ಭಾನುವಾರ

“ಈ ಭಾನುವಾರ ಮೂಗೇಶನ ಹಗ್ಗ ಬಿಚ್ಚಿಬಿಡ್ತೀನಿ. ಮೈದಾನದಲ್ಲಿ ಮನಸಾರೆ ಓಡಲಿ. ನಾನು ಒಂದು ಸಲ ಕರೆದ್ರೆ ಸಾಕು, ವಾಪಸ್ ಬಂದು ಕಾಲ ಹತ್ರ ನಿಂತಿರ್ತಾನೆ.”

ಗುರುವಾರ ಸಂಜೆ ಕಾಫಿ ಲೋಟವನ್ನು ಮೇಜಿನ ಮೇಲಿಟ್ಟು ಮೈಕಣ್ಣ ಹೀಗೆ ಘೋಷಿಸಿದಾಗ ಮನೆಯಲ್ಲಿ ಯಾರೂ ಚಪ್ಪಾಳೆ ತಟ್ಟಲಿಲ್ಲ. ಹೆಂಡತಿ ಇಸ್ತ್ರಿ ಮಾಡುತ್ತಿದ್ದ ಬಿಳಿ ಕೋಟನ್ನು ಮಗುಚಿ ಹಾಕಿ ಇನ್ನೊಂದು ತೋಳಿಗೆ ಕೈಹಚ್ಚಿದಳು. ತಾಯಿ ಕನ್ನಡಕದ ಮೇಲಿನಿಂದ ಮಗನನ್ನೊಮ್ಮೆ, ಮೇಜಿನ ಕೆಳಗೆ ಬಿದ್ದುಕೊಂಡಿದ್ದ ನಾಯಿಮರಿಯನ್ನೊಮ್ಮೆ ನೋಡಿದರು. ನಾಯಿಮರಿಯೊಂದೇ ಬಾಲ ಆಡಿಸಿ ಅನುಮೋದಿಸಿತು. ಆದರೆ ಅದು ಕಿಟಕಿಯಿಂದ ಸೊಳ್ಳೆ ಒಳಗೆ ಬಂದರೂ ಬಾಲ ಆಡಿಸಿ ಸ್ವಾಗತಿಸುವ ಪ್ರಾಣಿ.

“ನೀನು ಚಿಕ್ಕವನಿದ್ದಾಗ ನಾನು ಕೂಗಿದ್ರೆ ಒಂದು ಸಲಕ್ಕಾದ್ರೂ ಬಂದಿದ್ಯೇನೋ?” ಎಂದರು ತಾಯಿ.

“ಅಮ್ಮ, ನಿನ್ನ ದನಿ ಬೇರೆ, ನನ್ನ ದನಿ ಬೇರೆ.”

ಇದು ಪೂರ್ತಿ ಬಡಾಯಿಯೂ ಅಲ್ಲ. ರೈಲು ನಿಲ್ದಾಣದಲ್ಲಿ ಯಾವ ಗಾಡಿ ಯಾವ ಪ್ಲಾಟ್‌ಫಾರ್ಮಿಗೆ, ಎಷ್ಟು ತಡವಾಗಿ ಬರುತ್ತದೆಂದು ಮೈಕಿನಲ್ಲಿ ಹೇಳುವುದು ಅವನ ಉದ್ಯೋಗ. ಇಪ್ಪತ್ತೊಂದು ವರ್ಷ ಅದೇ ಕುರ್ಚಿ, ಅದೇ ಮೈಕು. ಅವನ ನಿಜವಾದ ಹೆಸರು ಸಂಬಳದ ಚೀಟಿಯಲ್ಲಿ ಬಿಟ್ಟರೆ ಇನ್ನೆಲ್ಲೂ ಉಳಿದಿರಲಿಲ್ಲ. ಊರಿಗೆಲ್ಲ ಅವನು ಮೈಕಣ್ಣ. ಒಂದನೇ ಪ್ಲಾಟ್‌ಫಾರ್ಮಿಗೆ ಬರಬೇಕಾದ ಗಾಡಿ ನಾಲ್ಕನೆಯದಕ್ಕೆ ಬರುತ್ತದೆಂದು ಅವನು ಹೇಳಿದರೆ ಸಾಕು, ಸಾವಿರ ಜನ ಗಂಟುಮೂಟೆ ಎತ್ತಿಕೊಂಡು, ಮಕ್ಕಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಮೆಟ್ಟಿಲು ಹತ್ತಿ ಓಡುತ್ತಿದ್ದರು. ಗಾಜಿನ ಕೋಣೆಯೊಳಗೆ ಕುಳಿತು ಅದನ್ನು ನೋಡುವಾಗ ಮೈಕಣ್ಣನ ಎದೆ ಎರಡು ಅಂಗುಲ ಉಬ್ಬುತ್ತಿತ್ತು.

“ಹದಿನಾರು ಬೋಗಿ ಗಾಡಿಗೆ ಜನಾನ ಓಡಿಸೋನು ನಾನು. ಒಂದು ಮರೀನ ಕರೆಸಿಕೊಳ್ಳೋಕೆ ಆಗಲ್ವಾ?”

“ಅವರು ಓಡೋದು ಗಾಡಿ ತಪ್ಪುತ್ತೆ ಅಂತ,” ಎಂದಳು ಹೆಂಡತಿ. “ನಿಮ್ಮ ದನಿ ಚೆಂದ ಅಂತಲ್ಲ.”

ಅವಳು ದೊಡ್ಡಾಸ್ಪತ್ರೆಯಲ್ಲಿ ಹಿರಿಯ ನರ್ಸು. ಅವಳ ಮಾತೂ ಇಂಜೆಕ್ಷನ್ನಿನ ಹಾಗೆಯೇ: ಚಿಕ್ಕದು, ಚುಚ್ಚುತ್ತದೆ, ಮುಗಿದ ಮೇಲೆ ಉಜ್ಜಿಕೊಳ್ಳುತ್ತಾ ಕೂರಬೇಕು.

ಮೂಗೇಶ ಮನೆಗೆ ಬಂದದ್ದು ಅವಳ ಆಸ್ಪತ್ರೆಯ ಮೂಳೆ ಡಾಕ್ಟರಿಂದ. ವರ್ಗವಾಗಿ ಹೋಗುವಾಗ ಅವರು ಮರಿಯನ್ನು ಅವಳ ಕೈಗೆ ಕೊಟ್ಟು, “ಬೇಟೆ ತಳಿ, ನರ್ಸಮ್ಮ. ಇದರ ಅಜ್ಜ ಮುತ್ತಜ್ಜಂದಿರು ಮೊಲದ ಜಾಡು ಹಿಡಿದು ಒಂದು ಹಗಲು ಪೂರ್ತಿ ಓಡ್ತಿದ್ದವರು,” ಎಂದಿದ್ದರು. ಈಗ ಅವನಿಗೆ ಎಂಟು ತಿಂಗಳು. ಕಂದು ಬೆನ್ನು, ಬಿಳಿ ಕಾಲು. ಕಿವಿಗಳು ಎಷ್ಟು ಉದ್ದವೆಂದರೆ ನೀರಿನ ಬಟ್ಟಲಿಗೆ ಬಾಯಿ ಹಾಕಿದರೆ ಮೊದಲು ಕಿವಿಗಳು ಕುಡಿದು ಮುಗಿಸಿ ಆಮೇಲೆ ನಾಲಿಗೆಗೆ ಸರದಿ. ಮುಂದೆ ಒಂದು ಮೂಗು ಹೋಗುತ್ತಿತ್ತು, ಉಳಿದ ನಾಯಿ ಅದನ್ನು ಹಿಂಬಾಲಿಸುತ್ತಿತ್ತು. ಅದನ್ನು ನೋಡಿಯೇ ತಾಯಿ ಮೂಗೇಶ ಎಂದು ಹೆಸರಿಟ್ಟದ್ದು. ಇದುವರೆಗೆ ಅವನು ಆಡಿದ ಬೇಟೆಯ ಲೆಕ್ಕ: ತಾಯಿಯ ಉಣ್ಣೆಯ ಕಾಲುಚೀಲ ಒಂದು, ಟೀವಿಯ ರಿಮೋಟ್ ಒಂದು.

“ಪಶುವೈದ್ಯರು ಏನು ಹೇಳಿದ್ರು, ನೆನಪಿದೆಯಾ?” ಎಂದು ಹೆಂಡತಿ ಕೇಳಿದಳು. “ಈ ತಳಿ ತಲೆಯಿಂದ ಯೋಚಿಸಲ್ಲ, ಮೂಗಿನಿಂದ ಯೋಚಿಸುತ್ತೆ. ಒಂದು ವಾಸನೆ ಹಿಡಿದ್ರೆ ಕಿವಿ ಕೆಲಸ ನಿಲ್ಲಿಸುತ್ತೆ. ಮೊದಲು ಉದ್ದ ಹಗ್ಗ ಕಟ್ಟಿ ಅಭ್ಯಾಸ ಮಾಡಿಸಿ ಅಂದ್ರು.”

“ಹಗ್ಗ ಕಟ್ಟಿದ್ರೆ ಅದು ಬಂಧನ. ಕರೆದಾಗ ಬಂದ್ರೆ ಅದು ಸಂಬಂಧ.”

“ತಮ್ಮ ಮೂಗಿನ ನೇರಕ್ಕೆ ಯೋಚಿಸೋರು ಈ ಮನೇಲಿ ಒಬ್ಬರು ಅಂದ್ಕೊಂಡಿದ್ದೆ. ಇಬ್ಬರಿದ್ದಾರೆ,” ಎಂದು ಅವಳು ಇಸ್ತ್ರಿಪೆಟ್ಟಿಗೆಯ ಪ್ಲಗ್ ಕಿತ್ತಳು.

ಮೈಕಣ್ಣ ಅಂದೇ ತರಬೇತಿ ಆರಂಭಿಸಿದ. ಮಲಗುವ ಕೋಣೆಯಿಂದ ಅಡುಗೆಮನೆಗೆ ಹನ್ನೆರಡು ಹೆಜ್ಜೆಯ ಓಣಿ. ಒಂದು ತುದಿಯಲ್ಲಿ ಮೂಗೇಶ, ಇನ್ನೊಂದು ತುದಿಯಲ್ಲಿ ಚೀಸಿನ ತುಂಡು ಹಿಡಿದ ಮೈಕಣ್ಣ. “ಮೂಗೇಶಾ, ಬಾ” ಎಂದರೆ ಬಾಣದಂತೆ ಬರುತ್ತಿದ್ದ. ಶನಿವಾರ ಸಂಜೆಗೆ ಮೂವತ್ತು ಕರೆಗೆ ಮೂವತ್ತು ಸಲವೂ ಬಂದಿದ್ದ. ಮೈಕಣ್ಣ ಅದನ್ನು ಒಂದು ಕಾಗದದಲ್ಲಿ ಬರೆದು, ಕೆಳಗೆ ಗೆರೆ ಎಳೆದು, ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ.

“ಅಡುಗೆಮನೆ ಬಾಗಿಲಲ್ಲಿ ಚೀಸ್ ಹಿಡ್ಕೊಂಡು ಕರೆದ್ರೆ ನಿಮ್ಮಮ್ಮನೂ ಬರ್ತಾರೆ,” ಎಂದಳು ಹೆಂಡತಿ.

“ನನ್ನನ್ನ್ಯಾಕೆ ಮಧ್ಯೆ ಎಳೀತೀಯಮ್ಮ,” ಎಂದರು ಅತ್ತೆ. ಅವರ ಬಾಯಲ್ಲಿ ಚೀಸು ಇತ್ತು.

ಭಾನುವಾರ ಬೆಳಿಗ್ಗೆ ಏಳಕ್ಕೆ ಮೂವರೂ ಹೊರಟರು: ಮೈಕಣ್ಣ, ಹೆಂಡತಿ, ಇಬ್ಬರ ನಡುವೆ ಹಗ್ಗ ಜಗ್ಗುತ್ತಾ ಮೂಗೇಶ. ಅವಳ ಕಾಲಲ್ಲಿ ಓಡುವ ಬೂಟು ಕಂಡು ಮೈಕಣ್ಣನಿಗೆ ಸ್ವಲ್ಪ ಕೆಡುಕೆನಿಸಿತು.

“ನೀನ್ಯಾಕೆ ಆ ಬೂಟು ಹಾಕಿದೀಯ?”

“ಸುಮ್ಮನೆ.”

ಮೈದಾನಕ್ಕೆ ಸುತ್ತಲೂ ತಂತಿ ಬೇಲಿ. ಒಳಗೆ ನಡೆಯುವವರಿಗೆ ಮಣ್ಣಿನ ಸುತ್ತುದಾರಿ, ನಡುವೆ ಹುಲ್ಲು. ಹುಲ್ಲಿನ ಮೇಲೆ ಹುಡುಗಿಯರ ತಂಡವೊಂದು ಫುಟ್‌ಬಾಲ್ ಅಭ್ಯಾಸ ನಡೆಸಿತ್ತು. ಅವರ ಕೋಚು ಕತ್ತಿನಲ್ಲಿ ಸೀಟಿ ತೂಗುಹಾಕಿಕೊಂಡು ಅತ್ತಿಂದಿತ್ತ ಓಡಾಡುತ್ತಿದ್ದಳು. ಒಂದು ಮೂಲೆಯಲ್ಲಿ ಏಳೆಂಟು ಹೆಂಗಸರು ಕೈ ಮೇಲೆತ್ತಿ ಕೆಳಗಿಳಿಸುತ್ತಿದ್ದರು. ಕಲ್ಲುಬೆಂಚಿನ ಮೇಲೆ ಕೈಚೀಲ ತೊಡೆಯ ಮೇಲಿಟ್ಟುಕೊಂಡು ಮುದುಕರೊಬ್ಬರು ಬಿಸಿಲು ಕಾಯಿಸುತ್ತಿದ್ದರು.

ಇಂಥ ಸಭೆ ಸಿಕ್ಕರೆ ಮೈಕಣ್ಣ ಬಿಟ್ಟಾನೆಯೆ? ಮುದುಕರ ಹತ್ತಿರ ಹೋಗಿ, “ನೋಡ್ತಾ ಇರಿ ಯಜಮಾನ್ರೆ. ಬೇಟೆ ತಳಿ. ಜಗತ್ತಿನಲ್ಲೇ ಹಟಮಾರಿ ಜಾತಿ ಅಂತಾರೆ. ಆದ್ರೆ ಎಲ್ಲ ಕರೆಯೋರ ದನೀಲಿದೆ,” ಎಂದ. ಮುದುಕರಿಗೆ ಆ ದನಿ ಎಲ್ಲೋ ಕೇಳಿದ್ದು ಎನಿಸಿ ಹುಬ್ಬು ಗಂಟಿಕ್ಕಿದರು. ಮೈಕಣ್ಣ ಹುಲ್ಲಿನ ನಡುವೆ ಮಂಡಿಯೂರಿ ಕುಳಿತು, ಮೂಗೇಶನ ಕತ್ತಿನ ಪಟ್ಟಿಯಿಂದ ಹಗ್ಗದ ಕೊಂಡಿಯನ್ನು ಬಿಡಿಸಿದ.

ಮೂಗೇಶ ಅಲ್ಲೇ ಕುಳಿತಿದ್ದ. ಬಿಡುಗಡೆಯಾಯಿತೆಂದು ಅವನಿಗೆ ಗೊತ್ತೇ ಆಗಿರಲಿಲ್ಲ.

“ನೋಡಿದ್ಯಾ?” ಎಂದು ಮೈಕಣ್ಣ ಹೆಂಡತಿಯತ್ತ ತಿರುಗಿದ.

ಅವನು ಮತ್ತೆ ಇತ್ತ ತಿರುಗುವಷ್ಟರಲ್ಲಿ ಅಲ್ಲಿ ನಾಯಿ ಇರಲಿಲ್ಲ. ಮೈದಾನದ ಆ ತುದಿಯಲ್ಲಿ ಕಂದು ಬಣ್ಣದ್ದೇನೋ ಹಾರುತ್ತಿತ್ತು. ಎರಡು ಕಿವಿಗಳೂ ಆಕಾಶಕ್ಕೆ ಎದ್ದಿದ್ದವು, ಹಿಂಗಾಲುಗಳು ಮುಂಗಾಲುಗಳನ್ನು ದಾಟಿಹೋಗಲು ನೋಡುತ್ತಿದ್ದವು. ತಿರುಗುವಾಗ ಜಾರಿ ಉರುಳಿದ, ಉರುಳಿದ್ದನ್ನೂ ಆಟವೆಂದೇ ತಿಳಿದು ಇನ್ನೊಮ್ಮೆ ಬೇಕೆಂದೇ ಉರುಳಿದ, ಎದ್ದು ಮತ್ತೆ ಓಡಿದ. ಹುಟ್ಟಿದಾಗಿನಿಂದ ಎರಡು ಮೀಟರ್ ಹಗ್ಗದಷ್ಟೇ ದೊಡ್ಡದಾಗಿದ್ದ ಲೋಕ ಇದ್ದಕ್ಕಿದ್ದಂತೆ ಇಷ್ಟು ಅಗಲವಾದದ್ದನ್ನು ಅವನು ಕಾಲಿನಿಂದ ಅಳೆದು ಅಳೆದು ನೋಡುತ್ತಿದ್ದ. ಮೈಕಣ್ಣನ ಕಣ್ಣು ಒದ್ದೆಯಾಯಿತು. ಪಕ್ಕದಲ್ಲಿ ಹೆಂಡತಿಯೂ ನಗುತ್ತಿದ್ದಳು.

“ಎಷ್ಟು ಖುಷಿ ನೋಡ್ರೀ ಅದಕ್ಕೆ,” ಎಂದಳು. ಸ್ವಲ್ಪ ಹೊತ್ತಿನ ಮೇಲೆ, “ಈಗ ಕರೀರಿ.”

“ಇನ್ನೊಂದು ಸುತ್ತು ಓಡಲಿ.”

“ಕರೀರಿ.”

ಮೈಕಣ್ಣ ಗಂಟಲು ಸರಿಮಾಡಿಕೊಂಡ. “ಮೂಗೇಶಾ, ಬಾ!”

ದನಿಯೆಂದರೆ ಅದು. ಫುಟ್‌ಬಾಲ್ ಹುಡುಗಿಯರು ಚೆಂಡು ಬಿಟ್ಟು ನಿಂತರು. ಹೆಂಗಸರ ಕೈಗಳು ಎತ್ತಿದಲ್ಲೇ ಉಳಿದವು. ಸುತ್ತುದಾರಿಯಲ್ಲಿ ನಡೆಯುತ್ತಿದ್ದವರೆಲ್ಲ ಇತ್ತ ತಿರುಗಿದರು. ಇಡೀ ಮೈದಾನದಲ್ಲಿ ಆ ಕರೆ ಕೇಳಿಸದಿದ್ದದ್ದು ಒಬ್ಬನಿಗೇ. ಅಷ್ಟು ಉದ್ದದ ಕಿವಿಯಿದ್ದೂ ಮೂಗೇಶ ಅದನ್ನು ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ.

ಗಾಬರಿಯಾದಾಗ ಮನುಷ್ಯನ ಬಾಯಿಗೆ ಬರುವುದು ರೂಢಿಯ ಮಾತು. ಮೈಕಣ್ಣ ಎರಡನೆಯ ಸಲ ಬಾಯಿ ತೆರೆದಾಗ ಇಪ್ಪತ್ತೊಂದು ವರ್ಷದ ಅಭ್ಯಾಸವೇ ಹೊರಬಿತ್ತು. “ದಯವಿಟ್ಟು ಗಮನಿಸಿ! ಮೂಗೇಶ, ತಕ್ಷಣ ಇಲ್ಲಿಗೆ ಬರಬೇಕು!”

ಬೆಂಚಿನ ಮೇಲಿದ್ದ ಮುದುಕರು ಚೀಲ ಎತ್ತಿಕೊಂಡು ದಡಕ್ಕನೆ ಎದ್ದರು. “ಎಷ್ಟನೇ ಪ್ಲಾಟ್‌ಫಾರ್ಮು?” ಎಂದು ಅತ್ತಿತ್ತ ನೋಡಿದರು.

ಅಷ್ಟರಲ್ಲಿ ಮೂಗೇಶ ಫುಟ್‌ಬಾಲ್ ತಂಡದೊಳಗೆ ನುಗ್ಗಿದ್ದ. ಚೆಂಡನ್ನು ಕಚ್ಚಲು ನೋಡಿದ, ಬಾಯಿ ಸಾಲಲಿಲ್ಲ, ಎದೆಯಿಂದ ಗುದ್ದಿದ. ಚೆಂಡು ಉರುಳಿತು. ಗೋಲು ಕಾಯುತ್ತಿದ್ದ ಹುಡುಗಿ ಚೆಂಡನ್ನು ಹಿಡಿಯಬೇಕೋ ನಾಯಿಯನ್ನೋ ಎಂದು ಯೋಚಿಸಿ ನಾಯಿಯ ಕಡೆ ಹಾರಿದಳು. ನಾಯಿ ತಪ್ಪಿಸಿಕೊಂಡಿತು, ಚೆಂಡು ಬಲೆಯೊಳಗೆ ಹೋಯಿತು. ಹುಡುಗಿಯರು ಕೇಕೆ ಹಾಕಿ ಕುಣಿದರು. ಕೋಚು ಸೀಟಿ ಊದಿದಳು. ಮೂಗೇಶನಿಗೆ ಸೀಟಿ ಬಹಳ ಹಿಡಿಸಿ ಅವಳ ಸುತ್ತ ಮೂರು ಸುತ್ತು ಹಾಕಿದ.

“ಯಾರದ್ರೀ ಈ ನಾಯಿ?” ಎಂದು ಕೋಚು ಕೂಗಿದಳು.

ಹೆಂಡತಿ ಬೆರಳಿನಿಂದ ಮೈಕಣ್ಣನನ್ನು ತೋರಿಸಿದಳು.

“ಸಾರ್, ಕರ್ಕೊಳ್ಳಿ ಅದನ್ನ.”

“ಕರೀತಾನೇ ಇದೀನಲ್ಲ.”

“ಕೇಳಿಸ್ತಿದೆ ಸಾರ್. ನಮಗೆಲ್ಲ ಚೆನ್ನಾಗಿ ಕೇಳಿಸ್ತಿದೆ. ಅದೊಂದನ್ನ ಬಿಟ್ಟು.”

ಆಗಲೇ ಮೂಗೇಶ ಇದ್ದಕ್ಕಿದ್ದಂತೆ ನಿಂತ. ಮೂಗು ನೆಲಕ್ಕೆ ಅಂಟಿತು. ಬಾಲ ನೆಟ್ಟಗಾಯಿತು. ಹೊಟ್ಟೆಯೊಳಗಿನಿಂದ, ಅವನಿಗೇ ಗೊತ್ತಿಲ್ಲದ ಯಾವುದೋ ಮೂಲೆಯಿಂದ, ಉದ್ದನೆಯ ಒಂದು ಊಳು ಹೊರಟಿತು. ಮನೆಯಲ್ಲಿ ಅವನು ಬೊಗಳಿದ್ದ, ಕುಂಯ್‌ಗುಟ್ಟಿದ್ದ. ಹೀಗೆ ಎಂದೂ ಕೂಗಿರಲಿಲ್ಲ. ಆ ಊಳಿಗೆ ಅವನೇ ಒಂದು ಕ್ಷಣ ಬೆರಗಾಗಿ ನಿಂತ. ಆಮೇಲೆ ಮೂಗನ್ನು ನೆಲದಿಂದ ಎತ್ತದೆ, ದಾರ ಎಳೆದ ಹಾಗೆ ನೆಟ್ಟಗೆ, ಮೈದಾನದ ಹಿಂಬದಿಯ ಮೂಲೆಯ ಕಡೆಗೆ ಹೊರಟ.

ಆ ಮೂಲೆ ಕಂಡದ್ದೇ ಮೈಕಣ್ಣ ಗಾಬರಿಯಾದ. ಅದಕ್ಕೆ ಎರಡು ಕಾರಣ. ಒಂದು, ಅಲ್ಲಿ ಬೇಲಿ ಹರಿದಿತ್ತು, ಆಚೆ ರಸ್ತೆಯಿತ್ತು. ಇದು ಯಾರಿಗಾದರೂ ತಿಳಿಯುವಂಥದು. ಇನ್ನೊಂದು ಕಾರಣ ಈ ಭೂಮಿಯ ಮೇಲೆ ಮೈಕಣ್ಣನಿಗೊಬ್ಬನಿಗೇ ಗೊತ್ತಿತ್ತು.

ಐದು ತಿಂಗಳ ಕೆಳಗೆ ಡಾಕ್ಟರು ಅವನ ರಕ್ತ ಪರೀಕ್ಷೆ ಮಾಡಿಸಿ, ಸಕ್ಕರೆ ಗಡಿ ಮುಟ್ಟಿದೆ, ದಿನಾ ಬೆಳಿಗ್ಗೆ ಮೈದಾನದಲ್ಲಿ ಎಂಟು ಸುತ್ತು ನಡೆಯಬೇಕು, ಸಿಹಿ ಮುಟ್ಟಬಾರದು ಎಂದಿದ್ದರು. ಹೆಂಡತಿಯ ಎದುರಿಗೇ ಮೈಕಣ್ಣ ಒಪ್ಪಿಕೊಂಡಿದ್ದ. ಮೊದಲನೆಯ ದಿನ ಮೂರು ಸುತ್ತು ಹಾಕಿದ. ಎರಡನೆಯ ದಿನ, ಒಂದೂವರೆ ಸುತ್ತಿನ ಹೊತ್ತಿಗೆ, ಗಾಳಿಯಲ್ಲಿ ಬೆಣ್ಣೆಯ ಪರಿಮಳ ತೇಲಿಬಂತು. ಅದು ಬಂದ ದಾರಿ ಹಿಡಿದು ಹೋದರೆ ಬೇಲಿಯಲ್ಲಿ ಕಿಂಡಿ. ಕಿಂಡಿಯಾಚೆ ರಸ್ತೆ, ರಸ್ತೆಯಾಚೆ ಒಂದು ಬೇಕರಿಯ ಹಿಂಬಾಗಿಲು. ಆರೂವರೆಗೆ ಸರಿಯಾಗಿ ಅಲ್ಲಿ ಒಲೆಯಿಂದ ಬನ್ನು ಹೊರಗೆ ಬರುತ್ತಿತ್ತು. ಬಾಗಿಲ ಪಕ್ಕದ ಬೆಂಚಿನ ಮೇಲೆ ಕುಳಿತು ಕ್ರೀಮ್ ತುಂಬಿದ ಬನ್ನೊಂದು. ನಡೆದು ಬರುವ ದಾರಿಯಲ್ಲಿ ಇನ್ನೊಂದು. ಭಾನುವಾರ ಬಿಟ್ಟು ಐದು ತಿಂಗಳಿಂದ ಇದು ತಪ್ಪಿರಲಿಲ್ಲ. ಮನೆಗೆ ಹೋಗುವ ಮೊದಲು ಮೈದಾನದ ನಲ್ಲಿಯ ನೀರನ್ನು ಹಣೆಗೆ ಚಿಮುಕಿಸಿಕೊಂಡರೆ ಬೆವರಾಯಿತು. ತೂಕ ಇಳಿಯುವ ಬದಲು ಮೂರು ಕೆಜಿ ಏರಿದ್ದು ಕಂಡು ಹೆಂಡತಿ ಹುಬ್ಬೇರಿಸಿದಾಗ, “ಸ್ನಾಯು ಬೆಳೀತಿದೆ ಕಣೇ. ಸ್ನಾಯುಗೆ ತೂಕ ಜಾಸ್ತಿ,” ಎಂದಿದ್ದ.

ಮೂಗೇಶನನ್ನು ದಿನಾ ಸಂಜೆ ಬೀದಿಯಲ್ಲಿ ತಿರುಗಾಡಿಸುತ್ತಿದ್ದವಳು ಹೆಂಡತಿ. ಅವನು ಮೈದಾನಕ್ಕೆ ಬಂದದ್ದು ಇದೇ ಮೊದಲು. ಬಂದವನಿಗೆ ಸಿಕ್ಕಿದ್ದು ಏನು? ಪ್ರಪಂಚದಲ್ಲೇ ತನಗೆ ಅತಿ ಪ್ರಿಯವಾದ ಮೈಕಣ್ಣನ ಬೂಟುಗಳ ವಾಸನೆ, ಅದರ ಪಕ್ಕದಲ್ಲೇ ಸಾಲಾಗಿ ಉದುರಿದ ಬನ್ನಿನ ಪುಡಿ. ಇಂಥ ಜಾಡನ್ನು ಬಿಟ್ಟರೆ ಅವನ ಮುತ್ತಜ್ಜಂದಿರು ಮೆಚ್ಚುತ್ತಿದ್ದರೆ?

“ನೀನು ಇಲ್ಲೇ ಇರು,” ಎಂದು ಮೈಕಣ್ಣ ಹೆಂಡತಿಗೆ ಅವಸರವಾಗಿ ಹೇಳಿದ. “ನಾನೊಬ್ಬನೇ ಹೋಗಿ ಹಿಡ್ಕೊಂಡು ಬರ್ತೀನಿ.”

ಹೆಂಡತಿ ಆಗಲೇ ಓಡುತ್ತಿದ್ದಳು.

ಮೈಕಣ್ಣನೂ ಕಾಲಿಗೆ ಬುದ್ಧಿ ಹೇಳಿದ. ಆದರೆ ಐದು ತಿಂಗಳಿಂದ ಬುದ್ಧಿ ಕೇಳದಿದ್ದ ಕಾಲುಗಳು ಇವತ್ತು ಕೇಳಿಯಾವೆ? ಅರ್ಧ ಮೈದಾನ ದಾಟುವಷ್ಟರಲ್ಲಿ ಉಸಿರು ಮೇಲೆ ಕೆಳಗಾಗಿ, ಪಕ್ಕೆ ಹಿಡಿದುಕೊಂಡಿತು. ಮುಂದೆ ಹೋಗುತ್ತಿದ್ದ ಹೆಂಡತಿ ಹಿಂತಿರುಗಿ, “ದಿನಾ ಎಂಟು ಸುತ್ತು ಹಾಕೋರು ನೀವು. ಮುಂದೆ ಓಡ್ರೀ,” ಎಂದಳು. ಅವಳ ದನಿಯಲ್ಲಿ ಸಂಶಯವಿರಲಿಲ್ಲ, ನಂಬಿಕೆಯಿತ್ತು. ಮೈಕಣ್ಣನಿಗೆ ಪಕ್ಕೆಗಿಂತ ಅದು ಹೆಚ್ಚು ನೋಯಿಸಿತು.

ಬೇಲಿಯ ಕಿಂಡಿಯಲ್ಲಿ ಮೂಗೇಶ ನುಸುಳಿ ಆಚೆ ಹೋದ. ಹಿಂದೆಯೇ ಹೆಂಡತಿ ಬಗ್ಗಿದಳು. ಅವಳ ತೋಳು ತಂತಿಗೆ ಸಿಕ್ಕಿಕೊಂಡಿತು. ಏದುಸಿರು ಬಿಡುತ್ತಾ ಬಂದ ಮೈಕಣ್ಣ, “ಎಡಗೈಲಿ ತಂತಿ ಎತ್ತು. ಬಲಗಾಲು ಆ ಕಲ್ಲಿನ ಮೇಲಿಡು. ಹಾಂ, ಈಗ ಓರೆಯಾಗಿ ಜಾರು,” ಎಂದ. ಅವಳು ಹಾಗೆಯೇ ಮಾಡಿ ಸಲೀಸಾಗಿ ದಾಟಿದಳು. ದಾಟಿ, ಹಿಂತಿರುಗಿ ನೋಡಿದಳು. ಕಲ್ಲು ಹುಲ್ಲಿನಲ್ಲಿ ಪೂರ್ತಿ ಮುಚ್ಚಿಹೋಗಿತ್ತು.

“ಅಲ್ಲಿ ಕಲ್ಲಿರೋದು ನಿಮಗೆ ಹೇಗೆ ಗೊತ್ತು?”

ಮೈಕಣ್ಣ ಉತ್ತರ ಹುಡುಕುವ ಮೊದಲೇ ರಸ್ತೆಯ ತಿರುವಿನಲ್ಲಿ ಹಾಲಿನ ವ್ಯಾನು ಕಾಣಿಸಿತು.

ವ್ಯಾನು ವೇಗವಾಗಿ ಬರುತ್ತಿತ್ತು. ಮೂಗೇಶ ನಡುರಸ್ತೆಯಲ್ಲಿದ್ದ. ಅಲ್ಲಿ ಯಾವುದೋ ಒಂದು ದಿನ ಕ್ರೀಮು ತುಸು ಹೆಚ್ಚೇ ತೊಟ್ಟಿಕ್ಕಿರಬೇಕು. ಅವನು ಡಾಂಬರು ನೆಕ್ಕುತ್ತಾ ನಿಂತುಬಿಟ್ಟಿದ್ದ. ಹೆಂಡತಿಯ ಬಾಯಿಂದ ಸಣ್ಣ ಶಬ್ದವೊಂದು ಹೊರಟಿತು, ಅಷ್ಟೆ. ಮೈಕಣ್ಣನಿಗೆ ಜೀವ ಬಾಯಿಗೆ ಬಂತು. ಬಂದ ಜೀವದ ಜೊತೆಗೇ ಇಪ್ಪತ್ತೊಂದು ವರ್ಷದ ದನಿಯೆಲ್ಲ ಒಟ್ಟಾಗಿ ಹೊರನುಗ್ಗಿತು.

“ನಿಲ್ಲಿ!”

ವ್ಯಾನು ಕಿರ್ರನೆ ನಿಂತಿತು. ಎದುರಿನಿಂದ ಬರುತ್ತಿದ್ದ ಸೈಕಲ್ಲೂ ನಿಂತಿತು. ಮಹಡಿಯ ಮೇಲೆ ಗಿಡಕ್ಕೆ ನೀರು ಹಾಕುತ್ತಿದ್ದ ಹೆಂಗಸು ಚೊಂಬು ಬಗ್ಗಿಸಿದ ಹಾಗೆಯೇ ನಿಂತಳು. ಮೂಗೇಶ ಮಾತ್ರ ನೆಕ್ಕಿ ಮುಗಿಸಿ, ನಿಂತ ವ್ಯಾನಿನ ಮುಂದೆ ಯಜಮಾನನ ಗತ್ತಿನಿಂದ ನಡೆದು ರಸ್ತೆ ದಾಟಿದ.

“ಯಾಕ್ ಸಾರ್?” ಎಂದ ವ್ಯಾನಿನವನು.

ಮೈಕಣ್ಣ ನಾಯಿಯತ್ತ ಕೈ ತೋರಿಸಿ ವಿವರಿಸಲು ಬಾಯಿ ತೆರೆದ. ಬಾಯಿ ತೆರೆಯಿತು, ತುಟಿ ಆಡಿತು, ಗಾಳಿಯಷ್ಟೇ ಹೊರಬಂತು. ದನಿ ಬರಲಿಲ್ಲ. ಗಂಟಲು ಕೈಕೊಟ್ಟಿತ್ತು.

ಅವನು ಗಂಟಲು ಹಿಡಿದುಕೊಂಡು ಕಿಂಡಿಯಲ್ಲಿ ನುಸುಳಿ ರಸ್ತೆ ದಾಟುವ ಹೊತ್ತಿಗೆ ಮೂಗೇಶ ಬೇಕರಿಯ ಹಿಂಬಾಗಿಲು ತಲುಪಿದ್ದ. ಬೆಂಚನ್ನು ಮೂಸಿದ. ಬೆಂಚಿನ ಬಲತುದಿಯನ್ನು, ಮೈಕಣ್ಣ ದಿನವೂ ಕೂರುವ ಜಾಗವನ್ನೇ, ಇನ್ನೊಮ್ಮೆ ಮೂಸಿದ. ಮೂರು ಸುತ್ತು ಸುತ್ತಿ, ಅದರ ಕೆಳಗೆ ಕುಳಿತು, ಕತ್ತು ಮೇಲೆತ್ತಿ ಇಡೀ ಬೀದಿಗೆ ಕೇಳಿಸುವ ಹಾಗೆ ಊಳಿಟ್ಟ. ಕೆಲಸ ಮುಗಿಸಿದ ಅಧಿಕಾರಿಯ ಗಾಂಭೀರ್ಯ ಅವನ ಮುಖದಲ್ಲಿತ್ತು.

ಬೇಕರಿಯವಳು ಮೊಣಕೈವರೆಗೆ ಹಿಟ್ಟು ಮೆತ್ತಿಕೊಂಡು ಹೊರಗೆ ಬಂದಳು. “ಇದ್ಯಾರಪ್ಪ ನಾಯಿ” ಎನ್ನುತ್ತಾ ತಲೆಯೆತ್ತಿದರೆ ಎದುರಿಗೆ ಮೈಕಣ್ಣ.

“ಓ, ನೀವಾ ಸಾರ್. ಭಾನುವಾರ ರಜಾ ಅಂದಿದ್ರಿ. ಮಾಮೂಲಿ ಎರಡು ತಾನೆ?”

ಹೆಂಡತಿ ಇನ್ನೂ ವ್ಯಾನಿನವನ ಹತ್ತಿರ ಕ್ಷಮೆ ಕೇಳುತ್ತಾ ರಸ್ತೆಯ ಆಚೆಗಿದ್ದಳು. ಇರುವುದು ಅರ್ಧ ನಿಮಿಷ. ಮೈಕಣ್ಣ “ಬೇಡ, ನನ್ನ ಪರಿಚಯವಿಲ್ಲ ಅನ್ನು” ಎಂದು ಹೇಳಲು ನೋಡಿದ. ಹುಸ್ ಹುಸ್ ಎಂಬ ಸದ್ದು ಮಾತ್ರ ಬಂತು. ಬೆರಳು ಅಲ್ಲಾಡಿಸಿದ.

“ಮೂರಾ?” ಎಂದಳು ಬೇಕರಿಯವಳು.

ಮೈಕಣ್ಣ ಅಂಗೈ ಬಿಚ್ಚಿ ಎರಡೂ ಕೈಗಳನ್ನು ಜೋರಾಗಿ ಆಡಿಸಿದ.

“ಹತ್ತಾ? ಮನೇಲಿ ಏನಾದ್ರೂ ವಿಶೇಷವಾ ಸಾರ್?”

“ವಿಶೇಷವೇ ಇರಬೇಕು,” ಎಂಬ ದನಿ ಬೆನ್ನ ಹಿಂದಿನಿಂದ ಬಂತು.

ಮೈಕಣ್ಣ ತಿರುಗಲಿಲ್ಲ. ಇಂಗು ತಿಂದ ಮಂಗನ ಮುಖ ಹೊತ್ತು ಗೋಡೆಯ ಮೇಲೆ ಬೇಕರಿ ತೆರೆಯುವ ಸಮಯ ಬರೆದಿದ್ದ ಹಲಗೆಯನ್ನು ಓದುವವನಂತೆ ನಿಂತ. ಬೇಕರಿಯವಳು ಬಿಳಿ ಬೂಟಿನಿಂದ ಹಿಡಿದು ಹುಬ್ಬಿನವರೆಗೆ ಹೆಂಡತಿಯನ್ನು ನೋಡಿ, ಮುಖ ಅರಳಿಸಿದಳು.

“ನೀವು ನರ್ಸಮ್ಮ ಅಲ್ವಾ?”

“ನನ್ನ ಬಗ್ಗೆ ಇವರು ಹೇಳಿದಾರಾ?”

“ದಿನಾ ಹೇಳ್ತಾರಮ್ಮ. ನಮ್ಮ ಮನೆಯವಳು ನನ್ನ ಆರೋಗ್ಯ ಎಷ್ಟು ಚೆನ್ನಾಗಿ ನೋಡ್ಕೊತಾಳೆ ಅಂದ್ರೆ, ಅವಳಂಥೋರು ಲಕ್ಷಕ್ಕೊಬ್ಬರು ಅಂತ. ಬನ್ ತಿಂತಾ ಇರೋಷ್ಟು ಹೊತ್ತೂ ನಿಮ್ಮದೇ ಮಾತು.”

“ಎಷ್ಟು ದಿನದಿಂದ?”

“ಐದು ತಿಂಗಳಾಯ್ತಲ್ವಾ ಸಾರ್?”

ಸಾರ್ ತಲೆಯಾಡಿಸಿದರು. ಹೆಂಡತಿಯೊಡನೆ ವಾದ ಮಾಡಿ ಎಂದೂ ಗೆದ್ದವನಲ್ಲದಿದ್ದರೂ ಮೈಕಣ್ಣ ವಾದ ಮಾಡದೆ ಸೋತವನಲ್ಲ. ಇವತ್ತು ಅದೂ ಇರಲಿಲ್ಲ.

ಹೆಂಡತಿ ಬೆಂಚಿನ ಮೇಲೆ ಕುಳಿತಳು. ಒಂದು ಕೈಯಲ್ಲಿ ಮೂಗೇಶನ ಕತ್ತಿನ ಪಟ್ಟಿ ಹಿಡಿದು, ಇನ್ನೊಂದು ಕೈಯಿಂದ ಮುಖ ಮುಚ್ಚಿಕೊಂಡಳು. ಅವಳ ಭುಜಗಳು ನಡುಗತೊಡಗಿದವು. ಅವಳು ಬೈದರೆ ಮೈಕಣ್ಣ ತಡೆದುಕೊಳ್ಳಬಲ್ಲ, ಎರಡು ದಿನ ಮಾತು ಬಿಟ್ಟರೂ ತಡೆದುಕೊಳ್ಳಬಲ್ಲ. ಅತ್ತರೆ ಏನು ಮಾಡುವುದು? ಆಸ್ಪತ್ರೆಯಲ್ಲಿ ಇಡೀ ದಿನ ರೋಗಿಗಳ ಸಕ್ಕರೆ ಅಳೆದು, ಕಾಲು ಕಳೆದುಕೊಂಡವರ ಗಾಯ ತೊಳೆದು ಬರುವವಳು. ಅದಕ್ಕೇ ಬೆಳಿಗ್ಗೆ ಅವನ ಬೂಟು ಬಾಗಿಲಲ್ಲಿ ಇಲ್ಲದ್ದು ನೋಡಿ ಅವಳಿಗೆ ಸಮಾಧಾನವಾಗುತ್ತಿತ್ತು. ಅವನು ಅವಳ ಮುಂದೆ ಕುಕ್ಕರಗಾಲಲ್ಲಿ ಕುಳಿತು, ಗಾಳಿಯಂಥ ದನಿಯಲ್ಲಿ, “ತಪ್ಪಾಯ್ತು,” ಎಂದ.

ಅವಳು ಕೈ ತೆಗೆದಳು. ಕಣ್ಣಲ್ಲಿ ನೀರಿತ್ತು ನಿಜ. ಆದರೆ ಅವಳು ಅಳುತ್ತಿರಲಿಲ್ಲ. ಉಸಿರು ಸಿಕ್ಕದಷ್ಟು ನಗುತ್ತಿದ್ದಳು.

“ಬೇಟೆ ತಳಿ,” ಎಂದಳು. ಮತ್ತೆ ನಗು ಉಕ್ಕಿತು. “ಮೊಲ ಹಿಡಿಯುತ್ತೆ ಅಂದಿದ್ರು ಡಾಕ್ಟರು. ಮೊದಲನೇ ದಿನವೇ ಎಂಥ ಬೇಟೆ ಹಿಡಿದುಕೊಡ್ತು ನೋಡ್ರೀ. ಎಂಬತ್ತೆಂಟು ಕೆಜಿ. ಎಲ್ಲಾ ಸ್ನಾಯು.”

ಬೇಕರಿಯವಳಿಗೆ ತಲೆಬುಡ ತಿಳಿಯದಿದ್ದರೂ ನಗು ಅಂಟಿಕೊಂಡಿತು. ಮೂಗೇಶ ದನಿಗೂಡಿಸಿ ಊಳಿಟ್ಟ. ಮೈಕಣ್ಣನಿಗೂ ತಡೆಯಲಾಗಲಿಲ್ಲ, ಅವನು ದನಿಯಿಲ್ಲದೆ ಹೊಟ್ಟೆ ಕುಣಿಸಿ ನಕ್ಕದ್ದು ಕಂಡು ಉಳಿದವರಿಗೆ ನಗು ಇನ್ನೂ ಹೆಚ್ಚಾಯಿತು.

ನಕ್ಕು ಸುಸ್ತಾದ ಮೇಲೆ ಹೆಂಡತಿ ಕಣ್ಣೊರೆಸಿಕೊಂಡು, “ಒಂದು ಬನ್ ಕೊಡಿ. ಅವರಿಗೆ ಒಂದು ಲೋಟ ಬಿಸಿನೀರು,” ಎಂದಳು.

ಬನ್ನು ಬಂತು. ಚಿನ್ನದ ಬಣ್ಣ, ಮೇಲೆ ಬೆಣ್ಣೆಯ ಹೊಳಪು, ನಡುವೆ ಕ್ರೀಮು. ಅವಳು ಅವಸರವಿಲ್ಲದೆ, ಒಂದೊಂದೇ ತುಂಡು ಮುರಿದು, ಪೂರ್ತಿ ತಿಂದಳು. ಕಡೆಯ ಚೂರು ಮೂಗೇಶನಿಗೆ. ಮೈಕಣ್ಣ ಬಿಸಿನೀರನ್ನು ಗುಟುಕು ಗುಟುಕಾಗಿ ಕುಡಿಯುತ್ತಾ ನೋಡಿದ.

“ಚೆನ್ನಾಗಿದೆ,” ಎಂದಳು ಅವಳು ಬೆರಳು ಒರೆಸಿಕೊಳ್ಳುತ್ತಾ. “ನಿಮ್ಮ ಮೇಲೆ ಪೂರ್ತಿ ಸಿಟ್ಟು ಮಾಡ್ಕೊಳ್ಳೋಕೂ ಆಗ್ತಿಲ್ಲ.” ಎದ್ದು ನಿಂತು ಇನ್ನೊಂದು ಮಾತು ಸೇರಿಸಿದಳು. “ಆ ವ್ಯಾನು ನಿಂತಿದ್ದು ನಿಮ್ಮ ದನಿಗೇನೆ. ನನಗೆ ಬಾಯೇ ಬರಲಿಲ್ಲ. ಅದನ್ನ ಮಾತ್ರ ಯಾವತ್ತೂ ಮರೆಯಲ್ಲ.”

ಮೈಕಣ್ಣನಿಗೆ ಬನ್ನು ತಿಂದಷ್ಟೇ ಸಿಹಿಯಾಯಿತು. ಅವನು ಏನೋ ಹೇಳಹೊರಟ. “ಮಾತಾಡಬೇಡಿ. ಗಂಟಲಿಗೆ ವಿಶ್ರಾಂತಿ ಬೇಕು. ನಾಲ್ಕು ದಿನ,” ಎಂದಳು ನರ್ಸು.

ಮರುದಿನ ಬೆಳಿಗ್ಗೆ ಆರಕ್ಕೆ ಮೈದಾನದ ಬೆಂಚಿನ ಮೇಲೆ ಹೆಂಡತಿ ಕುಳಿತಿದ್ದಳು. ಕಾಲ ಬಳಿ ಮೂಗೇಶ. ಸುತ್ತುದಾರಿಯಲ್ಲಿ ಮೈಕಣ್ಣ ಒಬ್ಬನೇ, ಮಾತಿಲ್ಲದೆ, ಕೈ ಬೀಸಿಕೊಂಡು ನಡೆಯುತ್ತಿದ್ದ. ನಲ್ಲಿಯ ನೀರಲ್ಲದ ನಿಜವಾದ ಬೆವರು ಹಣೆಯಿಂದ ಇಳಿಯುತ್ತಿತ್ತು. ಹೆಂಡತಿ ಅವನ ಮೇಲಿಂದ ಕಣ್ಣು ತೆಗೆಯದೆ, ಸುತ್ತಿಗೊಂದು ಬೆರಳು ಮಡಿಸುತ್ತಿದ್ದಳು. ಅವನು ನಾಲ್ಕನೆಯ ಸುತ್ತಿನಲ್ಲಿದ್ದಾಗ ಪಕ್ಕದ ಬೀದಿಯ ಹೆಂಗಸೊಬ್ಬಳು ಬಂದು ಬೆಂಚಿನ ಇನ್ನೊಂದು ತುದಿಯಲ್ಲಿ ಕುಳಿತು, ಮೂಗೇಶನ ತಲೆ ಸವರಿದಳು.

“ತುಂಬಾ ಮುದ್ದು. ವಯಸ್ಸೆಷ್ಟು?”

“ನಲವತ್ತೊಂಬತ್ತು,” ಎಂದಳು ಹೆಂಡತಿ, ಸುತ್ತುದಾರಿಯಿಂದ ನೋಟ ಕದಲಿಸದೆ. “ಆ ಮೂಲೆ ಹತ್ರ ಬಂದಾಗ ಸ್ವಲ್ಪ ಎಳೀತಾರೆ. ಮಿಕ್ಕ ಹಾಗೆ ಸಾಧು.”